ಸೂಜಿಚುಚ್ಚು ಗಾಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಆತಂಕ

ರೋಗಿಗೆ ಬಳಸಿದ ಸೂಜಿ ಆರೈಕೆ ಮಾಡುವವರಿಗೆ ಚುಚ್ಚಿ ಆಗುವ ಗಾಯವೇ ಸೂಜಿಚುಚ್ಚು ಗಾಯ. ಕಣ್ಣು, ಬಾಯಿ ಅಥವಾ ಒಡೆದ ಚರ್ಮಕ್ಕೆ ರಕ್ತ ಸಿಡಿಯುವುದನ್ನೂ ಇದರ ಜೊತೆಗೇ ಪರಿಗಣಿಸುತ್ತಾರೆ. ವಾರ್ಡ್ ಪೋಸ್ಟಿಂಗ್‌ಗೆ ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿಗಳ ಕೈ ಇನ್ನೂ ಪಳಗಿರುವುದಿಲ್ಲವಾದ್ದರಿಂದ ಅವರಲ್ಲಿ ಇದರ ಭಯ ಸಹಜ.

ಹೆಚ್ಚಿನವರು ಹೆದರುವುದು ಎಚ್‌ಐವಿಗೆ. ಆದರೆ ಸೋಂಕಿತ ರಕ್ತದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸರಾಸರಿ ಶೇ. 0.3 ಮಾತ್ರ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30. ಹೆಚ್ಚು ಅಪಾಯದ ಈ ರೋಗಕ್ಕೇ ಲಸಿಕೆ ಇದೆ ಎಂಬುದು ದೊಡ್ಡ ಸಮಾಧಾನ. 0, 1 ಮತ್ತು 6ನೇ ತಿಂಗಳಲ್ಲಿ ಮೂರು ಡೋಸ್ ಪಡೆದು, ಒಂದೆರಡು ತಿಂಗಳ ನಂತರ, ರಕ್ತದಲ್ಲಿ ಸಾಕಷ್ಟು ರಕ್ಷಣೆ ಬಂದಿದೆಯೇ ಎಂದು ನೋಡುವ ಟೈಟರ್ ಪರೀಕ್ಷೆ ಮಾಡಿಸಬೇಕು. ಪೋಸ್ಟಿಂಗ್‌ಗೆ ಮೊದಲೇ ಲಸಿಕೆ ಶುರುವಾಗಿರುವುದು ಒಳಿತು. ಇನ್ನು, ಸೂಜಿ ಚುಚ್ಚದೆ ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದಾಗ ತೊಳೆದರೆ ಸಾಕು.

ಗಾಯ ಆಗುವ ಒಂದು ಸಾಮಾನ್ಯ ಗಳಿಗೆ ಹೀಗಿರುತ್ತದೆ. ಇಂಜೆಕ್ಷನ್ ಮುಗಿದಿದೆ, ಬಲಗೈಯಲ್ಲಿ ಸಿರಿಂಜ್, ಎಡಗೈಯಲ್ಲಿ ಕ್ಯಾಪ್. ಕ್ಯಾಪ್ ತೊಡಿಸಲು ಹೋದಾಗ ಸೂಜಿ ಜಾರಿ ಎಡಗೈ ಬೆರಳಿಗೆ ಇಳಿಯುತ್ತದೆ. ಆದ್ದರಿಂದ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು. ನೀಡಲ್ ಕಟರ್‌ನಲ್ಲಿ ಕತ್ತರಿಸಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುವ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು.

ಚುಚ್ಚಿದರೆ ಸೋಪು, ನೀರಿನಲ್ಲಿ ತೊಳೆಯಬೇಕು. ಬೆರಳನ್ನು ಹಿಂಡಬಾರದು, ಗಾಬರಿಯಲ್ಲಿ ಬಾಯಿಗಿಟ್ಟು ಚೀಪಲೂಬಾರದು. ಆಮೇಲಿನ ಮುಖ್ಯ ಕೆಲಸ ತಕ್ಷಣ ಹೇಳುವುದು. ಸಿಸ್ಟರ್ ಬೈಯುತ್ತಾರೆ, ಇಂಟರ್ನಲ್ ಅಂಕ ಕಡಿಮೆಯಾಗುತ್ತದೆ ಎಂದು ವಿದ್ಯಾರ್ಥಿ ಮುಚ್ಚಿಟ್ಟರೆ ಚಿಕಿತ್ಸೆಯ ಹೊತ್ತು ಮೀರುತ್ತದೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಗಳನ್ನು ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ಕಳೆದ ಮೇಲೆ ಪ್ರಯೋಜನವಿಲ್ಲ. ಕೋರ್ಸ್ 28 ದಿನ. ರಾತ್ರಿ ಪಾಳಿಯಲ್ಲಿ ಚುಚ್ಚಿದರೆ ಯಾರ ಬಳಿ ಹೋಗಬೇಕೆಂದು ಮೊದಲ ದಿನವೇ ತಿಳಿಸದ ಕಾಲೇಜು ತನ್ನ ಹೊಣೆಯನ್ನು ಪೂರೈಸಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ಆಸ್ಪತ್ರೆಯ ಕೆಲಸದಲ್ಲಿ ಅಪಾಯಕ್ಕೆ ಒಡ್ಡಿಕೊಳ್ಳುವವರಿಗೆ ಮುನ್ನೆಚ್ಚರಿಕೆಯ ಸಲಕರಣೆ, ತರಬೇತಿ, ಪಿಇಪಿ ಒದಗಿಸಬೇಕೆಂದು ಹೇಳುತ್ತದೆ.

ಮಾತ್ರೆಗಿಂತ ಕಷ್ಟದ್ದು ಕಾಯುವಿಕೆ. ರಕ್ತಪರೀಕ್ಷೆ ಮೊದಲ ದಿನ, 6 ವಾರ, 3 ತಿಂಗಳು, 6 ತಿಂಗಳಿಗೆ ನಡೆಯುತ್ತದೆ. ಅಲ್ಲಿಯವರೆಗೆ ರಕ್ತದಾನ ಮಾಡುವಂತಿಲ್ಲ. ನಿದ್ದೆಗೆಡುವುದು, ಮತ್ತೆ ಸೂಜಿ ಹಿಡಿಯಲು ಕೈ ನಡುಗುವುದು ದೌರ್ಬಲ್ಯವಲ್ಲ. ಕೆಲವು ದಿನ ಅನುಭವಿ ನರ್ಸ್ ಪಕ್ಕದಲ್ಲಿ ನಿಂತರೆ ಧೈರ್ಯ ಮರಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಉಚಿತವಾಗಿ, ಗೋಪ್ಯವಾಗಿ ಸಿಗುತ್ತದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097.