ಶಸ್ತ್ರ ಸೋತ ದವಡೆ ಗಡ್ಡೆ

ಉಗಾಂಡದ ಕಂಪಾಲಾ ನಗರದಲ್ಲಿರುವ ಮುಲಾಗೊ ಆಸ್ಪತ್ರೆಯ ಮಕ್ಕಳ ವಾರ್ಡಿಗೆ 1957ರಲ್ಲಿ ಐದು ವರ್ಷದ ಬಾಲಕನೊಬ್ಬ ಬಂದ. ಮೇಲಿನ ದವಡೆ, ಕೆಳಗಿನ ದವಡೆ, ಎಡ, ಬಲ ಎಲ್ಲ ಕಡೆಯೂ ಬಾವು, ಹಲ್ಲುಗಳು ಸಡಿಲಗೊಂಡಿದ್ದವು. ಡಾ. ಹ್ಯೂ ಟ್ರೊವೆಲ್ ತಮ್ಮ ಸಹೋದ್ಯೋಗಿ, ಶಸ್ತ್ರಚಿಕಿತ್ಸಕ ಡೆನಿಸ್ ಬರ್ಕಿಟ್ ಅವರನ್ನು ಕರೆಸಿದರು. ಕೀವು ಕಟ್ಟಿದ್ದರೆ ಒಂದು ಕಡೆ ಕಟ್ಟೀತು, ನಾಲ್ಕೂ ಕಡೆ ಹೇಗೆ? ಬರ್ಕಿಟ್‌ರಿಗೆ ಉತ್ತರ ಹೊಳೆಯಲಿಲ್ಲ.

ಕೆಲವು ವಾರಗಳ ನಂತರ ಜಿಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅಂಥದೇ ಮುಖದ ಬಾಲಕಿ ಕಣ್ಣಿಗೆ ಬಿದ್ದಳು. ಅವಳ ಹೊಟ್ಟೆಯಲ್ಲೂ ಗಡ್ಡೆಗಳಿದ್ದವು. ಬರ್ಕಿಟ್ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆರೆದು ಕುಳಿತರು. ದವಡೆಯದು, ಮೂತ್ರಪಿಂಡದ್ದು, ಅಂಡಾಶಯದ್ದು ಎಂದು ಬೇರೆಬೇರೆಯಾಗಿ ಬರೆದಿಟ್ಟ ಗಡ್ಡೆಗಳೆಲ್ಲ ಒಂದೇ ಕಾಯಿಲೆಯ ಮುಖಗಳೆಂದು 1958ರಲ್ಲಿ ಲೇಖನ ಪ್ರಕಟಿಸಿದರು.

ಗುರುತು ಹಿಡಿದದ್ದು ಸರಿ, ಚಿಕಿತ್ಸೆ ಏನು? ಅವರ ಕೈಯಲ್ಲಿದ್ದದ್ದು ಶಸ್ತ್ರ ಮಾತ್ರ. ದವಡೆಯನ್ನೇ ಕತ್ತರಿಸಿದರೆ ಮಗುವಿನ ಮುಖ ವಿಕಾರ. ಗಡ್ಡೆ ಅಷ್ಟರಲ್ಲಿ ಹೊಟ್ಟೆಯಲ್ಲಿ ಬೆಳೆದಿರುತ್ತಿತ್ತು. ಕೆಲವೇ ದಿನಗಳಲ್ಲಿ ಇಮ್ಮಡಿಯಾಗುವ ಗಡ್ಡೆಯ ಮುಂದೆ ಕತ್ತಿಯ ಆಟ ನಡೆಯಲಿಲ್ಲ. ಕಂಪಾಲಾದಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರವೂ ಇರಲಿಲ್ಲ.

ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಅವರು ಆಫ್ರಿಕದ ಆಸ್ಪತ್ರೆಗಳಿಗೆ ಚಿತ್ರಸಹಿತ ಪ್ರಶ್ನಾವಳಿ ಕಳಿಸಿದರು. 1961ರಲ್ಲಿ ಇಬ್ಬರು ವೈದ್ಯಮಿತ್ರರೊಂದಿಗೆ ಹಳೆಯ ಫೋರ್ಡ್ ವಾಹನವೊಂದನ್ನು ಏರಿ ದಕ್ಷಿಣಕ್ಕೆ ಹೊರಟರು. ಹತ್ತು ವಾರ, ಸುಮಾರು 10,000 ಮೈಲಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆ. ಖರ್ಚು 700 ಪೌಂಡಿನೊಳಗೆ ಮುಗಿಯಿತು. (ಇಂದಿನ ಸಂಶೋಧನಾ ಅನುದಾನಗಳ ಮುಂದೆ ಇದು ಚಿಲ್ಲರೆ ಕಾಸು.) ಎತ್ತರದ, ತಂಪಾದ ನಾಡುಗಳಲ್ಲಿ ರೋಗವಿಲ್ಲ, ಬೆಚ್ಚಗಿನ, ಮಳೆಯ ತಗ್ಗು ಪ್ರದೇಶಗಳಲ್ಲಿದೆ. ಅದು ಮಲೇರಿಯದ ನಕ್ಷೆಯೂ ಆಗಿತ್ತು.

ಅದೇ ವರ್ಷ ಲಂಡನ್ನಿನಲ್ಲಿ ಬರ್ಕಿಟ್ ಮಾಡಿದ ಉಪನ್ಯಾಸವನ್ನು ಆಂಟನಿ ಎಪ್‌ಸ್ಟೀನ್ ಕೇಳಿದರು. ಕಂಪಾಲಾದಿಂದ ವಿಮಾನದಲ್ಲಿ ಗಡ್ಡೆಯ ತುಣುಕುಗಳು ಲಂಡನ್ನಿಗೆ ಹೋಗತೊಡಗಿದವು. 1964ರಲ್ಲಿ ಸಿಕ್ಕಿದ ಎಪ್‌ಸ್ಟೀನ್-ಬಾರ್ ವೈರಸ್, ಮನುಷ್ಯರ ಕ್ಯಾನ್ಸರಿನೊಂದಿಗೆ ತಳಕು ಹಾಕಿಕೊಂಡ ಮೊದಲ ವೈರಸ್.

ಇತ್ತ ಮುಲಾಗೊದಲ್ಲಿ ಕತ್ತಿ ಕೆಳಗಿಟ್ಟ ಬರ್ಕಿಟ್ ಔಷಧಿಯ ಮೊರೆಹೊಕ್ಕರು. ಅಮೆರಿಕದ ತಜ್ಞ ಜೋಸೆಫ್ ಬರ್ಚೆನಾಲ್ ಸೂಚಿಸಿದ ಮೆಥೊಟ್ರೆಕ್ಸೇಟ್ ಕೊಟ್ಟಾಗ ಬಾವು ಇಳಿಯಿತು. ಬಳಿಕ ಸೈಕ್ಲೊಫಾಸ್ಫಮೈಡ್ ಮೊದಲಾದವು ಬಂದವು. ಕೆಲವು ಮಕ್ಕಳು ಅತ್ಯಲ್ಪ ಔಷಧಿಯಲ್ಲೇ ಪೂರ್ತಿ ಗುಣವಾದರು. ಔಷಧಿಯೊಂದರಿಂದಲೇ ಕ್ಯಾನ್ಸರ್ ವಾಸಿಯಾದೀತೆಂದು ಜಗತ್ತಿಗೆ ತೋರಿಸಿಕೊಟ್ಟ ಮೊದಮೊದಲ ಜಾಗಗಳಲ್ಲಿ ಈ ಬಡ ಆಸ್ಪತ್ರೆಯೂ ಒಂದು. 1967ರಲ್ಲಿ ಅಮೆರಿಕದ ನೆರವಿನಿಂದ ಅಲ್ಲೇ ಚಿಕಿತ್ಸಾ ಕೇಂದ್ರ ತೆರೆಯಿತು. 1972ರಲ್ಲಿ, ಇದಿ ಅಮೀನ್ ಭಾರತೀಯರನ್ನು ಹೊರದೂಡಿದ ವರ್ಷ, ಅಮೆರಿಕದ ನಿರ್ದೇಶಕ ಜಾನ್ ಝೀಗ್ಲರ್ ನಿರ್ಗಮಿಸಿದರು. ಉಗಾಂಡದವರೇ ಆದ ಚಾರ್ಲ್ಸ್ ಒಲ್ವೆನಿ ಕೇಂದ್ರವನ್ನು ಉಳಿಸಿಕೊಂಡರು.

ಹಾಗೆಂದು ಶಸ್ತ್ರಚಿಕಿತ್ಸೆ ಬೇಡವೆಂದಲ್ಲ. ಬರ್ಕಿಟ್ ಗಡ್ಡೆ ಒಂದು ಅಪವಾದ. ಸ್ತನ, ಕರುಳು, ಬಾಯಿ ಮುಂತಾದ ಗಟ್ಟಿ ಗಡ್ಡೆಗಳಿಗೆ, ಬೇಗ ಪತ್ತೆಯಾದರೆ, ಕತ್ತಿಯೇ ಮೊದಲ ಮದ್ದು. ಕ್ಯಾನ್ಸರ್ ರೋಗಿಗಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆ ಬೇಕು. ಸುರಕ್ಷಿತವಾಗಿ, ಕೈಗೆಟಕುವ ದರದಲ್ಲಿ, ಸಕಾಲಕ್ಕೆ ಅದು ಸಿಗುವುದು ಶೇ. 25ಕ್ಕಿಂತ ಕಡಿಮೆ ಮಂದಿಗೆ ಎಂದು 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆಯ ಆಯೋಗ 2015ರಲ್ಲಿ ಲೆಕ್ಕ ಹಾಕಿತು. ಬಡ ದೇಶಗಳಲ್ಲಿ ಕೊರತೆ ಕತ್ತಿಯದಲ್ಲ. ಅರಿವಳಿಕೆ ತಜ್ಞರು, ಗಡ್ಡೆ ಪರೀಕ್ಷಿಸುವ ಪ್ರಯೋಗಾಲಯ, ರಕ್ತ, ಊರಿಂದ ಬರಲು ಬಸ್ಸಿನ ದುಡ್ಡು, ಇವುಗಳದು. ಆಪರೇಷನ್ ಆದ ಮೇಲೂ ಅನೇಕರಿಗೆ ವಿಕಿರಣ ಬೇಕಾಗುತ್ತದೆ. ಕಂಪಾಲಾಕ್ಕೆ ಕೊನೆಗೂ ಬಂದಿದ್ದ ಏಕೈಕ ವಿಕಿರಣ ಯಂತ್ರ 2016ರಲ್ಲಿ ಕೆಟ್ಟು ನಿಂತಿತು. ಹೊಸದು ರೋಗಿಗಳ ಉಪಯೋಗಕ್ಕೆ ಬರುವ ಹೊತ್ತಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.