ಹಲವು ಕಾಲಗಳ ಒಂದೇ ಒಗಟು

ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಹೆಸರಾದದ್ದು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868). ಅದು ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದ ದಿನ, ಟಿಪ್ಪುವಿನ ಆಯುಧಶಾಲೆಯಲ್ಲಿ, ಬಿದ್ದ ಹೆಣಗಳ ನಡುವೆ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ನಿಂತಿರುತ್ತಾನೆ. ಕಠಾರಿಯ ಹಿಡಿಯಲ್ಲಿದ್ದ ವಜ್ರ ಹಿಂದೊಮ್ಮೆ ಸೋಮನಾಥದ ಚಂದ್ರದೇವರ ಹಣೆಯಲ್ಲಿತ್ತು. ಸುಮಾರು ಐವತ್ತು ವರ್ಷಗಳ ನಂತರ ಯಾರ್ಕ್‌ಷೈರಿನ ಮನೆಯೊಂದರಲ್ಲಿ ಅದು ಕಳುವಾಗುತ್ತದೆ. ಕದ್ದವರು ಯಾರು ಎಂದು ಕಥೆ ಹುಡುಕುತ್ತಿದ್ದರೆ, ಅದು ಮೊದಲಿಗೆ ಯಾರ ಸೊತ್ತು ಎಂಬ ಪ್ರಶ್ನೆ ಒಳಗೊಳಗೇ ಕಾಡುತ್ತದೆ. ವಜ್ರದ ಬೆನ್ನುಹತ್ತಿದ ಮೂವರು ಬ್ರಾಹ್ಮಣರ ಕಾವಲು ತಲೆಮಾರುಗಳಿಂದ ನಡೆದುಬಂದದ್ದು. ಬೇರೆಬೇರೆ ಕಾಲಗಳ ಕಥೆಗಳನ್ನು ಒಂದೇ ಒಗಟು ಬೆಸೆಯುವ ಬಗೆ ಇಲ್ಲೇ ಕಾಣಿಸಿಕೊಂಡಿದೆ. ಅದು ಪೂರ್ತಿ ಬೆಳೆಯಲು ಮಾತ್ರ ನೂರು ವರ್ಷಕ್ಕೂ ಮೀರಿ ಹಿಡಿಯಿತು.

ಮಧ್ಯದ ದಶಕಗಳಲ್ಲಿ ಗತಕಾಲ ಹೆಚ್ಚಾಗಿ ರಂಗಸಜ್ಜಿಕೆಯಾಗಿಯೇ ಬಂತು. ಅಗಾಥಾ ಕ್ರಿಸ್ಟಿ 1944ರಲ್ಲಿ ಪ್ರಾಚೀನ ಈಜಿಪ್ಟಿನ ಕುಟುಂಬವೊಂದರಲ್ಲಿ ಸರಣಿ ಕೊಲೆ ಮಾಡಿಸಿದಳು. ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್ ಚೀನಾದ ನ್ಯಾಯಾಧೀಶ ಡೀಯನ್ನು ಪಾಶ್ಚಾತ್ಯ ಓದುಗರಿಗೆ ಪರಿಚಯಿಸಿದ. ಎಲ್ಲಿಸ್ ಪೀಟರ್ಸ್ 1977ರಿಂದ ಹನ್ನೆರಡನೇ ಶತಮಾನದ ಸನ್ಯಾಸಿ ಕ್ಯಾಡ್‌ಫೆಲ್‌ನ ಕೈಗೆ ತನಿಖೆ ಒಪ್ಪಿಸಿದಳು. 1921ರ ಬೆಂಗಳೂರನ್ನಿಟ್ಟುಕೊಂಡು ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ಬರೆದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ಕೂಡ ಇದೇ ಧಾರೆಯದು. ಓದಿಸಿಕೊಂಡು ಹೋಗುವ ಪುಸ್ತಕಗಳಿವು. ಆದರೆ ಪತ್ತೇದಾರನೂ ಅಪರಾಧಿಯೂ ಒಂದೇ ಕಾಲದವರು. ನಡುವೆ ಶತಮಾನಗಳ ಕಂದಕವಿಲ್ಲ.

ಆ ಕಂದಕವನ್ನೇ ವಸ್ತುವಾಗಿಸಿದವಳು ಜೋಸೆಫಿನ್ ಟೇ. ‘ದಿ ಡಾಟರ್ ಆಫ್ ಟೈಮ್’ (1951) ಕಾದಂಬರಿಯ ಇನ್ಸ್‌ಪೆಕ್ಟರ್ ಗ್ರಾಂಟ್ ಆಸ್ಪತ್ರೆಯ ಮಂಚದಿಂದ ಏಳಲಾರ. ಮೂರನೇ ರಿಚರ್ಡನ ಚಿತ್ರ ಅವನ ಕೈಗೆ ಬರುತ್ತದೆ. ಅಣ್ಣನ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿದನೆಂದು ಹೆಸರು ಕೆಟ್ಟ ಈ ದೊರೆ ನಿಜಕ್ಕೂ ಕೊಲೆಗಾರನೇ ಎಂದು, ಹಳೆಯ ದಾಖಲೆಗಳನ್ನು ಸಾಕ್ಷಿಗಳಂತೆ ಒಂದೊಂದಾಗಿ ಕರೆದು ವಿಚಾರಿಸುತ್ತಾನೆ. ಅವನ ತೀರ್ಪನ್ನು ಒಪ್ಪದ ಇತಿಹಾಸಕಾರರು ಬೇಕಾದಷ್ಟು ಜನ ಇದ್ದಾರೆ. ನನ್ನ ಮಟ್ಟಿಗೆ ಆ ಪುಸ್ತಕದ ದೊಡ್ಡತನ ಇರುವುದು ವಿಚಾರಣೆಯ ಕ್ರಮದಲ್ಲಿ: ಈ ಮಾತು ಹೇಳಿದವರು ಯಾರು, ಆಗ ಅವರಿಗೆ ವಯಸ್ಸೆಷ್ಟು, ಹಾಗೆ ಹೇಳಿದರೆ ಲಾಭ ಯಾರಿಗೆ?

1980ರಲ್ಲಿ ಉಂಬರ್ಟೊ ಎಕೊ ‘ದಿ ನೇಮ್ ಆಫ್ ದ ರೋಸ್’ನಲ್ಲಿ 1327ರ ಮಠವೊಂದರ ಗ್ರಂಥಭಂಡಾರಕ್ಕೇ ಕೊಲೆಗಳನ್ನು ಕೊಂಡೊಯ್ದ. ಹತ್ತು ವರ್ಷಗಳ ನಂತರ ಎ.ಎಸ್. ಬಯಾಟ್ ಬರೆದ ‘ಪೊಸೆಷನ್’ನಲ್ಲಿ ಇಂದಿನ ಸಂಶೋಧಕನೊಬ್ಬನಿಗೆ ಲಂಡನ್ ಲೈಬ್ರರಿಯ ಹಳೆಯ ಪುಸ್ತಕದೊಳಗೆ ವಿಕ್ಟೋರಿಯನ್ ಕವಿಯ ಪತ್ರದ ಎರಡು ಕರಡುಗಳು ಸಿಗುತ್ತವೆ. ಎರಡೂ ಕಾಲಗಳು ಜೊತೆಜೊತೆಗೆ ತೆರೆದುಕೊಳ್ಳುತ್ತವೆ. ಕೊನೆಯಲ್ಲಿ ಬಯಾಟ್ ನಮ್ಮನ್ನು 1868ಕ್ಕೆ ಒಯ್ಯುತ್ತಾಳೆ: ಕವಿ ತನ್ನ ಮಗಳನ್ನು ಒಮ್ಮೆ ಭೇಟಿಯಾಗಿ, ಹೂವಿನ ಕಿರೀಟ ಕಟ್ಟಿಕೊಟ್ಟು, ಒಂದು ಸಂದೇಶ ಹೇಳಿ ಕಳಿಸುತ್ತಾನೆ. ಮಗು ಆಟದಲ್ಲಿ ಮರೆತುಬಿಡುತ್ತದೆ. ಸಂಶೋಧಕರಿಗೆ ಇದು ಎಂದೂ ತಿಳಿಯುವುದಿಲ್ಲ, ಓದುಗರಿಗೆ ಮಾತ್ರ ತಿಳಿಯುತ್ತದೆ.

ಜೆರಾಲ್ಡಿನ್ ಬ್ರೂಕ್ಸ್‌ಳ ‘ಪೀಪಲ್ ಆಫ್ ದ ಬುಕ್’ (2008) ಇಡೀ ಕಟ್ಟಡವನ್ನು ಎಬ್ಬಿಸಿದ್ದು ಈ ಅಡಿಪಾಯದ ಮೇಲೆ. ಹದಿನಾಲ್ಕನೇ ಶತಮಾನದ ಸ್ಪೇನಿನಲ್ಲಿ ಬರೆದ ಸಾರಾಯೆವೊ ಹಗ್ಗಡಾ ಎಂಬ ಯೆಹೂದಿ ಹಸ್ತಪ್ರತಿ ನಿಜವಾಗಿಯೂ ಇದೆ. ನಾಜಿಗಳ ಕೈಗೆ ಸಿಗದಂತೆ ಅದನ್ನು ಕಾಪಾಡಿದವನು ದರ್ವಿಶ್ ಕೊರ್ಕುತ್ ಎಂಬ ಮುಸ್ಲಿಂ ಗ್ರಂಥಪಾಲಕ. ಕಾದಂಬರಿಯಲ್ಲಿ 1996ರಲ್ಲಿ ಅದರ ದುರಸ್ತಿಗೆ ಬಂದ ಹಾನಾಗೆ ಸಿಗುವುದು ಚಿಟ್ಟೆಯ ರೆಕ್ಕೆಯ ಚೂರು, ದ್ರಾಕ್ಷಾರಸದ ಕಲೆ, ಉಪ್ಪಿನ ಹರಳು, ಒಂದು ಬಿಳಿ ಕೂದಲು. ಇಂಥ ಒಂದೊಂದು ಸುಳಿವಿನ ಹಿಂದೆಯೂ ಒಂದೊಂದು ಕಥೆ: ಯುದ್ಧಕಾಲದ ಸಾರಾಯೆವೊ, 1894ರ ವಿಯೆನ್ನಾ, 1609ರ ವೆನಿಸ್, 1492ರ ತರಗೋನಾ, 1480ರ ಸೆವಿಲ್. ಕಾಲ ಹಿಂದುಹಿಂದಕ್ಕೆ ಇಳಿಯುತ್ತದೆ. ಮೂಲ ಪ್ರತಿಯಲ್ಲಿ ವಿಸ್ತೋರಿನಿ ಎಂಬ ಚರ್ಚಿನ ಪರೀಕ್ಷಕನ ಸಹಿಯಿದೆ. ಅಷ್ಟರಿಂದಲೇ ಬ್ರೂಕ್ಸ್ ಕುಡುಕನಾದ, ಒಳಗೊಳಗೇ ಬೇಯುವ ಮನುಷ್ಯನೊಬ್ಬನನ್ನು ಸೃಷ್ಟಿಸಿದ್ದಾಳೆ. ಚಿತ್ರವೊಂದರಲ್ಲಿ ಹಬ್ಬದೂಟಕ್ಕೆ ಕುಳಿತ, ಕೇಸರಿ ಉಡುಪಿನ ಕಪ್ಪು ಹೆಂಗಸು ಯಾರು ಎಂಬ ಪ್ರಶ್ನೆಗೆ ಕೊನೆಯ ಕಥೆಯಲ್ಲಿ ಉತ್ತರವಿದೆ. ಪ್ರಯೋಗಾಲಯ ಹಾನಾಗೆ ಹೇಳುವುದು ಉಪ್ಪು ಸಮುದ್ರದ್ದು ಎಂಬಷ್ಟನ್ನೇ. ಆ ನೀರಿಗಿಳಿದವರು ಯಾರೆಂದು ನಾವಷ್ಟೇ ಬಲ್ಲೆವು. ಗತಕಾಲದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಇನ್ನೊಂದು ಕಥನರೂಪ ನನಗೆ ಕಂಡಿಲ್ಲ.

ಕನ್ನಡದಲ್ಲಿ ಈ ದಾರಿ ತೆರೆದವರು ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ. ‘ಕನಕ ಮುಸುಕು’ ಹುಟ್ಟಿದ್ದು ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ, ಮುಸುಕಿನ ಜೋಳದ ತೆನೆಯನ್ನು ಹೋಲುವ ವಸ್ತುವಿನಿಂದ. ಅಮೆರಿಕದ ಈ ಬೆಳೆ ಕೊಲಂಬಸನಿಗೂ ಮೊದಲೇ ಇಲ್ಲಿಗೆ ಹೇಗೆ ಬಂತು? ತಜ್ಞರು ಹೌದು-ಅಲ್ಲ ಎಂದು ಜಗಳಾಡಿದ ವಿಷಯವಿದು. ‘ಕರಿಸಿರಿಯಾನ’ ವಿಜಯನಗರದ ಸಂಪತ್ತಿನ ಬೆನ್ನುಹತ್ತುತ್ತದೆ. ಕಥೆಯ ಜೊತೆಗೇ ಆಧಾರಗಳನ್ನು ಕೊಡುವ ಅವರ ಪದ್ಧತಿ ಎಷ್ಟೋ ಓದುಗರನ್ನು ಇತಿಹಾಸದತ್ತ ಎಳೆದಿದೆ. ಶೋಧದ ಓಟ ಮಾತ್ರ ಬಲು ಜೋರು. ಆ ತೆನೆ ಕಡೆದವನ ಮನೆಯಲ್ಲಿ ಒಂದು ಅಧ್ಯಾಯದಷ್ಟು ಕಾಲ ಕೂರಬೇಕೆಂಬ ಆಸೆ ಉಳಿದೇಬಿಡುತ್ತದೆ. ಅಂಥ ತಾಳ್ಮೆ ವಸುಧೇಂದ್ರರ ‘ತೇಜೋ-ತುಂಗಭದ್ರಾ’ದಲ್ಲಿದೆ (2019). ಆದರೆ ಲಿಸ್ಬನ್ನಿನಿಂದ ವಿಜಯನಗರದವರೆಗೆ ಹಬ್ಬಿದ ಅದು ಪತ್ತೇದಾರಿಯಲ್ಲ.

ಆ ಶೋಧವೂ ಈ ತಾಳ್ಮೆಯೂ ಒಂದೇ ಪುಸ್ತಕದಲ್ಲಿ ಕೂಡಬೇಕು. ಸೋಮನಾಥಪುರದ ಹೊಯ್ಸಳ ದೇಗುಲದಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ. ವಿಸ್ತೋರಿನಿಯ ಒಂದು ಸಹಿ ಬ್ರೂಕ್ಸ್‌ಳಿಗೆ ಸಾಕಾಯಿತು. ಮಲ್ಲಿತಮ್ಮನಂತೂ ನಮಗೆ ಹತ್ತಾರು ಸಹಿಗಳನ್ನು ಬಿಟ್ಟುಹೋಗಿದ್ದಾನೆ.