ಸೈಕಲ್ ಚಕ್ರ ಕಟ್ಟುವಿಕೆ

ಸೈಕಲ್ ಚಕ್ರ ಕಟ್ಟುವಿಕೆ ಎಂದರೆ ಹಬ್, ರಿಮ್, ಕಡ್ಡಿ ಮತ್ತು ನಿಪ್ಪಲ್‌ಗಳನ್ನು ಬಿಡಿಯಾಗಿ ಆಯ್ದು, ಸವಾರನ ತೂಕ, ಹೊರೆ ಹಾಗೂ ದಾರಿಗೆ ತಕ್ಕಂತೆ ಹೆಣೆದು ಬಿಗಿಗೊಳಿಸುವ ಕೆಲಸ. ಕಡ್ಡಿಯನ್ನು ಸ್ಪೋಕ್ ಎಂದೂ ಕರೆಯುತ್ತಾರೆ. ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶದಲ್ಲಿ ಬಯಲು, ಬಂಡೆಗಳ ನಡುವಿನ ದಾರಿ ಮತ್ತು ಗುಡ್ಡದ ರಸ್ತೆಗಳು ಹತ್ತಿರದಲ್ಲೇ ಇರುವುದರಿಂದ ಚಕ್ರದ ಅಗತ್ಯವೂ ಊರಿಂದೂರಿಗೆ ಬದಲಾಗುತ್ತದೆ.

ಕಾರ್ಯತತ್ತ್ವ

ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ಅರಗಳು ಕಂಬಗಳಂತೆ ಭಾರ ಹೊರುತ್ತವೆ. ಸೈಕಲ್ಲಿನ ತೆಳು ಕಡ್ಡಿ ಒತ್ತಿದರೆ ಬಾಗುತ್ತದೆ. ಎಳೆತವನ್ನು ಮಾತ್ರ ತಾಳುತ್ತದೆ. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿರುತ್ತಾರೆ. ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿತ ತುಸು ಇಳಿಯುತ್ತದೆ. ಬಿಗಿತ ಸಾಲದಿದ್ದರೆ ಅವು ಪ್ರತಿ ಸುತ್ತಿನಲ್ಲೂ ಸಡಿಲವಾಗಿ ಮತ್ತೆ ಬಿಗಿಯುತ್ತ, ಹಬ್‌ನ ಬಳಿಯ ಬಾಗಿನಲ್ಲಿ ದಣಿದು ಮುರಿಯುತ್ತವೆ. ಹೀಗಾಗಿ ಕಡ್ಡಿಯ ದಪ್ಪಕ್ಕಿಂತ ಸಮನಾದ, ಸಾಕಷ್ಟು ಬಿಗಿತವೇ ಚಕ್ರದ ಬಾಳಿಕೆಗೆ ಮುಖ್ಯ.

ಇತಿಹಾಸ

ಎಳೆತದಿಂದ ನಿಲ್ಲುವ ಚಕ್ರದ ಕಲ್ಪನೆಯನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿ ಬರೆದಿಟ್ಟರು. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ತಂತಿ ಕಡ್ಡಿಯ ಚಕ್ರಕ್ಕೆ ಪೇಟೆಂಟ್ ಪಡೆದರು. 1874ರಲ್ಲಿ ಜೇಮ್ಸ್ ಸ್ಟಾರ್ಲಿ ಓರೆಯಾಗಿ ಹೆಣೆದ ಚಕ್ರಕ್ಕೆ ಪೇಟೆಂಟ್ ಪಡೆದರು.

ಕಡ್ಡಿಗಳ ಆಯ್ಕೆ

14 ಗೇಜಿನ ಕಡ್ಡಿ 2.0 ಮಿ.ಮೀ., 13 ಗೇಜಿನದು 2.3 ಮಿ.ಮೀ. ದಪ್ಪವಿರುತ್ತದೆ. ಎರಡೂ ತುದಿಯಲ್ಲಿ 2.0, ನಡುವೆ 1.8 ಮಿ.ಮೀ. ಇರುವ ಕಡ್ಡಿಗಳು ಹಗುರ. ನಡುಭಾಗ ಹೆಚ್ಚು ಹಿಗ್ಗುವುದರಿಂದ ಬಾಗಿನ ಮೇಲಿನ ದಣಿವು ಕಡಿಮೆ. ತುಕ್ಕುನಿರೋಧಕ ಉಕ್ಕಿನ ಕಡ್ಡಿ ಹೆಚ್ಚು ಕಾಲ ಬಾಳುತ್ತದೆ. ಕಡ್ಡಿಯ ಉದ್ದವನ್ನು ರಿಮ್‌ನ ಒಳವ್ಯಾಸ, ಹಬ್‌ನ ಅಳತೆ, ರಂಧ್ರಗಳ ಸಂಖ್ಯೆ ಮತ್ತು ಹೆಣಿಗೆಯಿಂದ ಲೆಕ್ಕ ಹಾಕುತ್ತಾರೆ.

ಹೆಣಿಗೆಯ ವಿಧಗಳು

* ನೇರ ಹೆಣಿಗೆ: ಕಡ್ಡಿಗಳು ಒಂದನ್ನೊಂದು ದಾಟದೆ ಹಬ್‌ನಿಂದ ನೇರವಾಗಿ ರಿಮ್‌ಗೆ ಹೋಗುತ್ತವೆ. ರಿಮ್ ಬ್ರೇಕ್ ಇರುವ ಮುಂದಿನ ಚಕ್ರಕ್ಕೆ ಮಾತ್ರ ಸೂಕ್ತ. ಹಬ್‌ನ ತಿರುಚುಬಲವನ್ನು ರಿಮ್‌ಗೆ ಮುಟ್ಟಿಸಲು ಇದು ಅಸಮರ್ಥ.
* ಮೂರು ದಾಟಿನ ಹೆಣಿಗೆ: ಪ್ರತಿ ಕಡ್ಡಿ ತನ್ನ ಬದಿಯ ಮೂರು ಕಡ್ಡಿಗಳನ್ನು ದಾಟುತ್ತದೆ. 32 ಮತ್ತು 36 ಕಡ್ಡಿಗಳ ಚಕ್ರಗಳಲ್ಲಿ ರೂಢಿಯಲ್ಲಿದೆ.
* ನಾಲ್ಕು ದಾಟಿನ ಹೆಣಿಗೆ: 40 ಕಡ್ಡಿಗಳ, ಭಾರ ಹೊರುವ ಚಕ್ರಗಳಿಗೆ ಒಪ್ಪುತ್ತದೆ. ಹಳೆಯ ಮಾದರಿಯ ಕಪ್ಪು ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತವೆ. ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲೆ ಬೀಳುವುದೇ ಇದಕ್ಕೆ ಕಾರಣ.

ಬಿಗಿಗೊಳಿಸುವಿಕೆ

ನಿಪ್ಪಲ್‌ಗಳನ್ನು ಮೊದಲು ಸಮನಾಗಿ ತಿರುಗಿಸಿ, ಅನಂತರ ಹಲವು ಸುತ್ತುಗಳಲ್ಲಿ ನಿಧಾನವಾಗಿ ಬಿಗಿಯುತ್ತಾರೆ. ರಿಮ್ ಬಲಕ್ಕೆ ವಾಲಿದ್ದರೆ ಅಲ್ಲಿ ಎಡಬದಿಯ ಕಡ್ಡಿಗಳನ್ನು ಬಿಗಿದು ಬಲಬದಿಯವನ್ನು ಸಡಿಲಿಸಬೇಕು. ಉಬ್ಬಿದ್ದರೆ ಎರಡೂ ಬದಿ ಬಿಗಿಯಬೇಕು. ಇದನ್ನು ಆಡುಮಾತಿನಲ್ಲಿ ಬೆಂಡ್ ತೆಗೆಯುವುದು ಎನ್ನುತ್ತಾರೆ. ಒಂದೇ ಬದಿಯ ಕಡ್ಡಿಗಳನ್ನು ಮೀಟಿದಾಗ ದನಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಬಿಗಿತ ಸಮವಾಗಿದೆಯೆಂದು ತಿಳಿಯಬಹುದು. ಕೊನೆಗೆ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಹಿಂಡಿ, ಸಡಿಲಾದವನ್ನು ಮತ್ತೆ ಹೊಂದಿಸುತ್ತಾರೆ.

ಪ್ರದೇಶಕ್ಕೆ ತಕ್ಕ ಚಕ್ರ

ಹಂಪಿಯ ಸ್ಮಾರಕಗಳು ವಿಸ್ತಾರವಾಗಿ ಹರಡಿರುವುದರಿಂದ ಪ್ರವಾಸಿಗರು ಬಾಡಿಗೆ ಸೈಕಲ್ ಬಳಸುತ್ತಾರೆ. ಸವಾರರು ದಿನದಿನವೂ ಬದಲಾಗುವ ಇಂಥ ಸೈಕಲ್ಲಿಗೆ 36 ಕಡ್ಡಿಗಳ ಮೂರು ದಾಟಿನ ಚಕ್ರ ಸೂಕ್ತ. ಒಂದು ಕಡ್ಡಿ ಮುರಿದರೂ ಉಳಿದವು ರಿಮ್‌ಅನ್ನು ಬಹುಮಟ್ಟಿಗೆ ನೆಟ್ಟಗೆ ಹಿಡಿದಿಡುತ್ತವೆ. ಹೊಸಪೇಟೆಯ ಪೇಟೆ ಓಡಾಟಕ್ಕೂ ಇದು ಸಾಕು. ಕಂಪ್ಲಿಯ ಬಯಲಿನಲ್ಲಿ ಕ್ಯಾರಿಯರ್ ಮೇಲೆ ಮೂಟೆ ಸಾಗಿಸಲು ಹಿಂದೆ 40 ಕಡ್ಡಿಗಳ ಚಕ್ರ ಒಳ್ಳೆಯದು. ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್ ಬಳಸಿದರೆ ಬ್ರೇಕಿನ ಬಲ ಹಬ್‌ನಿಂದ ಕಡ್ಡಿಗಳ ಮೂಲಕವೇ ರಿಮ್ ತಲುಪುವುದರಿಂದ ಎರಡೂ ಚಕ್ರಗಳಿಗೆ ದಾಟು ಹೆಣಿಗೆ ಅನಿವಾರ್ಯ.